ಹಳೇ ಜಾವಾ–ಯೆಜ್ಡಿಯನ್ನು ಆ ಕಾಲದ ಬಿಡಿಭಾಗಗಳಲ್ಲೇ ಮತ್ತೆ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೂಟೆಯಲ್ಲಿ ತುಂಬಿಟ್ಟ ಜಾವಾಗಳನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ. ಕಥೆ ಹೆಚ್ಚುಕಮ್ಮಿ ಒಂದೇ. ಅಪ್ಪನದೋ ತಾತನದೋ ಗಾಡಿ ಹಿತ್ತಲಲ್ಲಿ ನಿಂತಿರುತ್ತದೆ. ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಪೂರ್ತಿ ಬಿಚ್ಚುತ್ತಾರೆ. ಟ್ಯಾಂಕು, ಮಡ್‌ಗಾರ್ಡು ಪೇಂಟಿಗೆ ಹೋಗುತ್ತವೆ. ಬಣ್ಣ ಹೊಳೆಯುತ್ತದೆ, ದುಡ್ಡು ಮುಗಿಯುತ್ತದೆ. ಇಂಜಿನ್ ಇನ್ನೂ ಗೋಣಿಚೀಲದಲ್ಲೇ ಇರುತ್ತದೆ. ಎರಡು ವರ್ಷ ಬಿಟ್ಟು ಆ ಚೀಲ ಬೇರೆಯವರ ಮನೆಗೆ ಹೋಗುತ್ತದೆ.

ಇವರಲ್ಲಿ ಯಾರಿಗೂ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಕ್ರಮ ತಪ್ಪಿತ್ತು, ಅಷ್ಟೇ. ಮೊದಲು ಕಾಗದ, ಆಮೇಲೆ ಗುರುತು, ಆಮೇಲೆ ಇಂಜಿನ್, ಅದಾದ ಮೇಲೆ ಬಣ್ಣವಿಲ್ಲದೆ ಒಮ್ಮೆ ಪೂರ್ತಿ ಜೋಡಣೆ. ಬಣ್ಣ ಇದೆಲ್ಲ ಮುಗಿದ ಮೇಲೆ. ಈ ಸಾಲು ತಪ್ಪಿಸಬೇಡಿ.

ಇಲ್ಲಿ ಹೇಳುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 250 ಸಿಸಿ ಟೂ-ಸ್ಟ್ರೋಕ್ ಗಾಡಿಗಳ ಬಗ್ಗೆ. ಹಳೇ ಜಾವಾ, ಆಮೇಲಿನ ಯೆಜ್ಡಿ, ರೋಡ್‌ಕಿಂಗ್ ಎಲ್ಲವೂ ಸೇರಿದವು. ಈಗ ಶೋರೂಮಿನಲ್ಲಿ ಸಿಗುವ ಹೊಸ ಜಾವಾ, ಯೆಜ್ಡಿಗಳದು ಫೋರ್-ಸ್ಟ್ರೋಕ್ ಇಂಜಿನ್. ಹೆಸರು ಅದೇ ಆದರೂ ಅವುಗಳ ಭಾಗಗಳು ಇವಕ್ಕೆ ಕೂರುವುದಿಲ್ಲ.

## ಶುರು ಮಾಡುವ ಮುಂಚೆ ಕೂಡಿಸಿಕೊಳ್ಳಬೇಕಾದ ಸಾಮಾನು

ಸಾಮಾನ್ಯ ಸ್ಪ್ಯಾನರ್ ಸೆಟ್ಟಿನಲ್ಲಿ ಅರ್ಧ ಕೆಲಸ ಮಾತ್ರ ಆಗುತ್ತದೆ. ಉಳಿದರ್ಧಕ್ಕೆ ಇವು ಬೇಕು:

- ಸೈಲೆನ್ಸರ್ ಬೆಂಡ್ ಪೈಪಿನ ರಿಂಗ್ ನಟ್ ತಿರುಗಿಸುವ ಕೊಕ್ಕೆ ಸ್ಪ್ಯಾನರ್
- ಕ್ಲಚ್ ಹಿಡಿದುಕೊಳ್ಳುವ ಟೂಲ್, ಇಂಜಿನ್ ಸ್ಪ್ರಾಕೆಟ್ ಎಳೆಯುವ ಪುಲ್ಲರ್, ಡೈನಮೋ ಆರ್ಮೇಚರ್ ಹೊರಗೆ ತಳ್ಳುವ ಬೋಲ್ಟ್
- ಫೀಲರ್ ಗೇಜ್, ವರ್ನಿಯರ್, ಆಳ ಅಳೆಯುವ ಗೇಜ್
- ಮಲ್ಟಿಮೀಟರ್
- ಡಾಕ್ಟರ ಬಳಿ ಇರುವಂಥ, ಮುಳ್ಳಿನ ಡಯಲ್ ಇರುವ ಹಳೇ ಬಿಪಿ ಪಂಪು. ಯಾಕೆ ಅಂತ ಮುಂದೆ ಹೇಳುತ್ತೇನೆ.
- ಜಿಪ್ ಇರುವ ಪ್ಲಾಸ್ಟಿಕ್ ಕವರ್, ಮಾರ್ಕರ್ ಪೆನ್, ಒಂದು ನೋಟ್‌ಬುಕ್

ಒಂದು ಮಾತು ತಲೆಯಲ್ಲಿರಲಿ. ಈ ಗಾಡಿಯ ಥ್ರೆಡ್ಡುಗಳು ಮೆಟ್ರಿಕ್. ಹಳೇ ಬುಲೆಟ್ಟಿನದು ಬ್ರಿಟಿಷ್ ಅಳತೆ. ಎರಡೂ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಬೋಲ್ಟುಗಳು ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ನೋಡಲು ಒಂದೇ ಥರ. ಎರಡು ಸುತ್ತು ಕೈಯಲ್ಲೇ ಹೋಗಿ ಮೂರನೇ ಸುತ್ತಿಗೆ ಬಿಗಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇಂಜಿನ್ನಿನ ಹೊರಕವಚದ, ಅಂದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಥ್ರೆಡ್ ಹೋಯಿತು ಅಂತಲೇ ಲೆಕ್ಕ.

## ಹಂತ 1: ಕಾಗದ ಸರಿಯಿದೆಯಾ ನೋಡಿ

ಆರ್‌ಸಿಯಲ್ಲಿರುವ ಚಾಸಿಸ್ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ಹೊಂದಬೇಕು. ತುಕ್ಕಿನ ಮೇಲೆ ಸೀಮೆಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ. ಆರ್‌ಟಿಒದಲ್ಲೂ ಇದನ್ನೇ ಕೇಳುತ್ತಾರೆ. ಈ ಪ್ರಿಂಟನ್ನು ನೋಟ್‌ಬುಕ್ಕಿಗೆ ಅಂಟಿಸಿಡಿ.

ಇಂಜಿನ್ ಬೇರೆ ಗಾಡಿಯದು ಅಂತ ಗೊತ್ತಾದರೆ, ಅದು ಆರ್‌ಸಿಯಲ್ಲಿ ಬದಲಾಗಿದೆಯಾ ನೋಡಿ. ಆಗದೇ ಇದ್ದರೆ ದುಡ್ಡು ಸುರಿಯುವ ಮುಂಚೆಯೇ ಅದನ್ನು ಬಗೆಹರಿಸಿಕೊಳ್ಳಿ. ನಂಬರು ತಿದ್ದಿದ, ಉಜ್ಜಿದ, ಮತ್ತೆ ಹೊಡೆದ ಗುರುತಿದ್ದರೆ ಆ ಗಾಡಿ ಬೇಡವೇ ಬೇಡ. ಎಷ್ಟೇ ಕಡಿಮೆ ಬೆಲೆಗೆ ಬಂದರೂ ಬೇಡ.

ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಆದರೆ ದಿನಾ ಆಫೀಸಿಗೆ ಓಡಿಸುವಂತಿಲ್ಲ. ಜೊತೆಗೆ ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ ನೀವು ಯಾವ ಭಾಗ ಹಾಕುತ್ತೀರಿ ಅನ್ನುವುದಕ್ಕೂ ಕಾಗದಕ್ಕೂ ಇಲ್ಲಿ ನೇರ ಸಂಬಂಧ ಇದೆ. ವಾರಕ್ಕೆ ನಾಲ್ಕು ದಿನ ಓಡಿಸುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಒಳ್ಳೆಯದು.

## ಹಂತ 2: ನಿಮ್ಮ ಗಾಡಿ ಯಾವುದು ಅಂತ ಗುರುತಿಸಿ

ಹೆಚ್ಚಿನ ತಪ್ಪು ಇಲ್ಲೇ ಆಗುವುದು. ಮೂವತ್ತು ನಲವತ್ತು ವರ್ಷದಲ್ಲಿ ಗಾಡಿ ಐದಾರು ಮೆಕ್ಯಾನಿಕ್‌ಗಳ ಕೈ ದಾಟಿರುತ್ತದೆ. ಜಾವಾ ಟ್ಯಾಂಕು, ಯೆಜ್ಡಿ ಫೋರ್ಕು, ರೋಡ್‌ಕಿಂಗ್ ಚಕ್ರ ಎಲ್ಲ ಒಂದೇ ಗಾಡಿಯಲ್ಲಿ ಸೇರಿಕೊಂಡಿರುತ್ತವೆ. ಎಲ್ಲವೂ ಕೂರುತ್ತವೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಸುಲಭದ ಗುರುತು ಚಕ್ರ. ಹಳೇ ಜಾವಾದ ಚಕ್ರ 16 ಇಂಚು, ಟೈರು 3.25–16. ರೋಡ್‌ಕಿಂಗ್‌ನದು 18 ಇಂಚು. ಹಳೇ ಜಾವಾದಲ್ಲಿ ಸ್ಪೀಡೋಮೀಟರು ಹೆಡ್‌ಲೈಟ್ ಡೂಮಿನೊಳಗೇ ಕೂತಿರುತ್ತದೆ, ಮೊಳೆಯಂಥ ಕೀಲಿಯೂ ಅಲ್ಲೇ. ಟ್ಯಾಂಕಿನ ಎರಡೂ ಪಕ್ಕ ಮೊಣಕಾಲಿಗೆ ತಾಗುವ ರಬ್ಬರ್ ಪ್ಯಾಡು.

ನಿಮ್ಮ ಮಾಡೆಲ್ಲಿನ ಬಿಡಿಭಾಗಗಳ ಪಟ್ಟಿ, ಅಂದರೆ ಪಾರ್ಟ್ಸ್ ಕ್ಯಾಟಲಾಗ್, ಮತ್ತು ಮಾಲೀಕರ ಕೈಪಿಡಿ ಹುಡುಕಿ. ಹಳಬರ ಹತ್ತಿರ ಜೆರಾಕ್ಸ್ ಆದರೂ ಇರುತ್ತದೆ. ಆಮೇಲೆ ಗಾಡಿಯ ಮುಂದೆ ಕೂತು ಒಂದೊಂದೇ ಭಾಗ ನೋಡುತ್ತಾ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಮಾಡಿ: ಸರಿಯಾದದ್ದು ಇದೆ, ಇದೆ ಆದರೆ ರಿಪೇರಿ ಬೇಕು, ಬೇರೆ ಮಾಡೆಲ್ಲಿನದು, ಇಲ್ಲವೇ ಇಲ್ಲ. ಇದಕ್ಕೆ ಎರಡು ಸಂಜೆ ಹಿಡಿಯುತ್ತದೆ. ಆಮೇಲಿನ ಖರ್ಚೆಲ್ಲ ಈ ಪಟ್ಟಿಯ ಮೇಲೆ ನಿಂತಿರುತ್ತದೆ, ಅವಸರ ಮಾಡಬೇಡಿ.

## ಹಂತ 3: ಬಿಚ್ಚುವುದು

ಬಿಚ್ಚುವ ಮುಂಚೆ ಫೋಟೋ. ಬಿಚ್ಚುವಾಗ ಫೋಟೋ. ವೈರುಗಳು ಯಾವ ದಾರಿಯಲ್ಲಿ ಹೋಗಿವೆ, ಕೇಬಲ್ಲು ಫೋರ್ಕಿನ ಒಳಗಿನಿಂದಲೋ ಹೊರಗಿನಿಂದಲೋ, ವಾಷರ್ ಯಾವ ಕಡೆಗಿದೆ, ಎಲ್ಲವೂ ಬೇಕು. ಪ್ರತಿ ಜಾಗದ ನಟ್ಟು–ಬೋಲ್ಟು ಒಂದೊಂದು ಕವರಿಗೆ, ಮೇಲೆ ಹೆಸರು. "ನೆನಪಿರುತ್ತೆ ಬಿಡು" ಅಂದವರ ಗಾಡಿಯೇ ಮೂಟೆ ಸೇರುವುದು.

ಸೈಲೆನ್ಸರ್ ಬೆಂಡಿನ ರಿಂಗ್ ನಟ್ಟಿಗೆ ಉಳಿ–ಸುತ್ತಿಗೆ ಮುಟ್ಟಿಸಬೇಡಿ. ಅದು ಕೂರುವ ಥ್ರೆಡ್ ಸಿಲಿಂಡರಿನ ಮೇಲೇ ಇದೆ. ಅದು ಮುರಿದರೆ ಸಿಲಿಂಡರೇ ಹೋದಂತೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಬಿಸಿ ಮಾಡಿ, ಕೊಕ್ಕೆ ಸ್ಪ್ಯಾನರಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸಿ. ಮೂರು ದಿನ ಆದರೂ ಪರವಾಗಿಲ್ಲ.

ಎಡಗಡೆ ಕ್ಲಚ್ ಕವರ್ ತೆಗೆದ ಮೇಲೆ ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಕಾಣುತ್ತದೆ. ಅದಕ್ಕೆ ಬಿಚ್ಚುವ ಲಾಕ್ ಇಲ್ಲ. ಹಾಗಾಗಿ ಇಂಜಿನ್ ಸ್ಪ್ರಾಕೆಟ್ಟು, ಕ್ಲಚ್ಚು, ಚೈನು ಮೂರನ್ನೂ ಒಟ್ಟಿಗೇ ಹೊರಗೆ ತರಬೇಕು. ಯಾವ ನಟ್ಟಿಗೂ ಪೂರ್ತಿ ಬಲ ಹಾಕುವ ಮುಂಚೆ ಹೊರಗೆ ಕಾಣುವ ಥ್ರೆಡ್ ಯಾವ ಕಡೆ ಓರೆಯಾಗಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಎಡಕ್ಕೆ ಬಿಗಿಯಾಗುವ ನಟ್ಟನ್ನು ಎಡಕ್ಕೇ ತಿರುಗಿಸಿ ಶಾಫ್ಟ್ ಹಾಳು ಮಾಡಿದವರನ್ನು ಕಂಡಿದ್ದೇನೆ.

ಮುಖ್ಯವಾಗಿ, ಏನನ್ನೂ ಎಸೆಯಬೇಡಿ. ನನ್ನ ಮೊದಲ ಗಾಡಿಯ ಸೈಲೆನ್ಸರುಗಳು ತುಕ್ಕು ಹಿಡಿದಿದ್ದವು ಅಂತ ಗುಜರಿಗೆ ಹಾಕಿದ್ದೆ. ಹೊಸ ಜೊತೆ ತಂದು ಹಾಕಿದೆ. ನೋಡಲು ಚೆನ್ನಾಗಿತ್ತು, ಶಬ್ದ ಮಾತ್ರ ಡಬ್ಬಿ ಬಡಿದಂತೆ, ಎಳೆತವೂ ಇಲ್ಲ. ಕೊಯ್ದು ನೋಡಿದರೆ ಒಳಗೆ ಖಾಲಿ ಕೊಳವೆ. ಟೂ-ಸ್ಟ್ರೋಕ್ ಇಂಜಿನ್ನಿಗೆ ಸೈಲೆನ್ಸರಿನ ಒಳಗಿನ ರಚನೆ ಇಂಜಿನ್ನಿನ ಒಂದು ಭಾಗವೇ. ಆ ಹಳೇ ಜೊತೆಯನ್ನು ಬೆಂಕಿಯಲ್ಲಿ ಮಸಿ ಸುಟ್ಟು, ತೂತು ಮುಚ್ಚಿ, ಕ್ರೋಮ್ ಮಾಡಿಸಬಹುದಿತ್ತು.

## ಹಂತ 4: ಯಾವುದು ಒರಿಜಿನಲ್ ಇರಬೇಕು, ಯಾವುದು ಇರಬಾರದು

ಕಾರ್ಖಾನೆ ನಿಂತಿದ್ದು 1996ರಲ್ಲಿ. ಅಂದರೆ ಪೊಟ್ಟಣ ಒಡೆಯದ "ಒರಿಜಿನಲ್" ಭಾಗ ಅಂತ ಯಾರಾದರೂ ಕೊಟ್ಟರೆ ಅದಕ್ಕೆ ಕಡಿಮೆ ಅಂದರೂ ಮೂವತ್ತು ವರ್ಷ ವಯಸ್ಸು. ಕಬ್ಬಿಣಕ್ಕೆ, ಅಲ್ಯೂಮಿನಿಯಂಗೆ ಅದರಿಂದ ತೊಂದರೆಯಿಲ್ಲ. ರಬ್ಬರಿಗೆ ಇದೆ.

ಹಾಗಾಗಿ ನನ್ನ ನಿಯಮ ಇದು. ಕಣ್ಣಿಗೆ ಕಾಣುವ ಲೋಹದ ಭಾಗಗಳು, ಅಂದರೆ ಟ್ಯಾಂಕು, ಮಡ್‌ಗಾರ್ಡು, ಹೆಡ್‌ಲೈಟ್ ಡೂಮು, ಸೈಲೆನ್ಸರು, ಹಬ್ಬು, ಲಿವರು, ಕಾರ್ಬುರೇಟರು, ಡೈನಮೋ, ಸ್ಪೀಡೋಮೀಟರು ಆ ಕಾಲದ್ದೇ ಇರಲಿ. ಆಯಿಲ್ ಸೀಲು, ಬೇರಿಂಗು, ಟೈರು–ಟ್ಯೂಬು, ಪೆಟ್ರೋಲ್ ಪೈಪು, ಬ್ರೇಕ್ ಲೈನರು, ಕೇಬಲ್ಲು, ವೈರು ಹೊಸದಾಗಿ ತಯಾರಾದದ್ದೇ ಇರಲಿ. ಹಳೇ ಸ್ಟಾಕಿನ ಆಯಿಲ್ ಸೀಲನ್ನು ಎರಡು ಬೆರಳಲ್ಲಿ ಹಿಡಿದು ತುಟಿಯನ್ನು ಒತ್ತಿ ನೋಡಿ. ಮೆತ್ತಗೆ ಬಾಗುವ ಬದಲು ಒಣಗಿದ ಹುಣಸೆ ಸಿಪ್ಪೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಹಾಕಿ ಇಂಜಿನ್ ಮುಚ್ಚಿದರೆ ಎರಡು ತಿಂಗಳಲ್ಲಿ ಮತ್ತೆ ಬಿಚ್ಚಬೇಕು.

ಒರಿಜಿನಲ್ ಲೋಹದ ಭಾಗ ಗುರುತಿಸುವುದು ಕಷ್ಟವಿಲ್ಲ. ತೂಕ ನೋಡಿ, ನಕಲು ಮಾಲು ಹಗುರ. ಅಚ್ಚಿನಲ್ಲಿ ಎದ್ದ ಅಕ್ಷರಗಳ ಅಂಚು ನೋಡಿ, ನಕಲಿನಲ್ಲಿ ಅಂಚು ಉರುಟಾಗಿರುತ್ತದೆ. ಮಡ್‌ಗಾರ್ಡನ್ನು ತಿರುಗಿಸಿ ಒಳಗಡೆ ವೆಲ್ಡಿಂಗ್ ನೋಡಿ, ಕಾರ್ಖಾನೆಯ ಸ್ಪಾಟ್ ವೆಲ್ಡ್ ಚುಕ್ಕಿಗಳು ಒಂದೇ ಅಂತರದಲ್ಲಿರುತ್ತವೆ. ಹಳೇ ಜಾವಾದ ಕಾರ್ಬುರೇಟರಿನಲ್ಲಿ ‘ಜಿಕೋವ್’ ಅಂತಲೂ, ಜಾವಾ ಹುಟ್ಟಿದ ಚೆಕ್ ದೇಶದಿಂದ ಬಂದ ಎಲೆಕ್ಟ್ರಿಕಲ್ ಭಾಗಗಳಲ್ಲಿ ‘ಪಾಲ್’ ಅಂತಲೂ ಇರುತ್ತದೆ.

ಎಲ್ಲಿ ಹುಡುಕಬೇಕು? ಮೈಸೂರಿನ ಹಳೇ ಗ್ಯಾರೇಜುಗಳು ಮೊದಲು. ಯಾದವಗಿರಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿದವರ ಕೈಯಲ್ಲಿ ಕಲಿತವರು ಅಲ್ಲಿ ಇನ್ನೂ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಭಾನುವಾರದ ಸಂಡೆ ಬಜಾರು ಆಮೇಲೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ, ಮೈಸೂರು–ಬೆಂಗಳೂರಿನಲ್ಲಿ ಗಾಡಿಗಳು ಸೇರುತ್ತವೆ. ನಿಮ್ಮ "ಇಲ್ಲವೇ ಇಲ್ಲ" ಕಲಂ ಹಿಡಿದುಕೊಂಡು ಅಲ್ಲಿಗೆ ಹೋಗಿ. ಹತ್ತು ಜನರ ಹತ್ತಿರ ಮಾತಾಡಿದರೆ ಒಬ್ಬರ ಅಟ್ಟದ ಮೇಲೆ ನಿಮಗೆ ಬೇಕಾದದ್ದು ಇರುತ್ತದೆ. ಗ್ಯಾಸ್ಕೆಟ್ಟು, ರಬ್ಬರಿನಂಥವನ್ನು ಚೆಕ್ ದೇಶದಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ. ಆದರೆ ಮೈಸೂರಿನ ಗಾಡಿಗೂ ಅಲ್ಲಿನದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದೆ. ಅಳತೆ ತಾಳೆ ನೋಡಿಯೇ ತರಿಸಿ.

## ಹಂತ 5: ಇಂಜಿನ್

ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಹೊಳೆಯುವ ಟ್ಯಾಂಕಿನ ಕೆಳಗೆ ಸ್ಟಾರ್ಟ್ ಆಗದ ಇಂಜಿನ್ ಇದ್ದರೆ ಏನು ಸುಖ?

ತೊಳೆಯುವುದು. ಸೀಮೆಎಣ್ಣೆ ಅಥವಾ ಡೀಸೆಲ್, ಒಂದು ಬ್ರಷ್ಷು. ಕ್ರ್ಯಾಂಕ್‌ಕೇಸನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡಬೇಡಿ. ಬೆಳ್ಳಗೆ ಆಗುತ್ತದೆ ನಿಜ. ಎಣ್ಣೆ ಹೋಗುವ ಸಣ್ಣ ದಾರಿಗಳಲ್ಲಿ ಕೂತ ಮರಳು ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಒಂದೇ ಒಂದು ಕಣ ಬೇರಿಂಗಿಗೆ ಹೋದರೂ ಸಾಕು.

ಕ್ರ್ಯಾಂಕ್. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಸ್ವಲ್ಪವಾದರೂ "ಟಕ್ ಟಕ್" ಅಂದರೆ ಕಾನ್‌ರಾಡ್ ಕಿಟ್ ಬದಲಿಸಬೇಕು. ಪಕ್ಕಕ್ಕೆ ಕೊಂಚ ಆಡುವುದು ಸಹಜ, ಅದಕ್ಕೆ ಹೆದರಬೇಡಿ. ಈ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಬಿಚ್ಚಿ ಕೂರಿಸಿ ನೇರ ಮಾಡುವುದು ಅನುಭವದ ಕೆಲಸ. ಡಯಲ್ ಗೇಜ್ ಇಟ್ಟು ತಿರುಗಿಸಿ ತೋರಿಸುವ ಮಿಷಿನ್ ಶಾಪಿಗೇ ಕೊಡಿ. "ಕಣ್ಣಳತೇಲೇ ಮಾಡ್ತೀನಿ" ಅಂದರೆ ವಾಪಸ್ ತಗೊಂಡು ಬನ್ನಿ. ಕ್ರ್ಯಾಂಕಿನ ಮೇನ್ ಬೇರಿಂಗ್ ಕೊಳ್ಳುವಾಗ ಮೇಲೆ ‘ಸಿ3’ ಗುರುತು ಇದೆಯಾ ನೋಡಿ. ಬಿಸಿಗೆ ಹಿಗ್ಗಲು ಅದರೊಳಗೆ ಜಾಗ ಜಾಸ್ತಿ ಇರುತ್ತದೆ.

ಬೇರಿಂಗ್ ಕೂರಿಸುವುದು. ಸುತ್ತಿಗೆ ಬೇಡ. ಕೇಸನ್ನು ಬಿಸಿ ಮಾಡಿ. ಒಂದು ಹನಿ ನೀರು ಬಿಟ್ಟರೆ ಚುಂಯ್ ಅನ್ನಬೇಕು, ಅಷ್ಟು ಸಾಕು. ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿರಿ. ಕೈಯಲ್ಲಿ ಒತ್ತಿದರೆ ತಾನಾಗಿ ಕೂರುತ್ತದೆ. ಎರಡು ಕೇಸ್ ಬಿಡಿಸುವಾಗ ನಡುವೆ ಸ್ಕ್ರೂಡ್ರೈವರ್ ತೂರಿಸಬೇಡಿ. ಆ ಗೀರಿನಿಂದಲೇ ಮುಂದೆ ಗಾಳಿ ಎಳೆಯುತ್ತದೆ.

ಸೀಲುಗಳು. ಕ್ರ್ಯಾಂಕಿನ ಎಡ, ಬಲ ಸೀಲುಗಳು ಈ ಇಂಜಿನ್ನಿನ ಪ್ರಾಣ. ಎಡದ್ದು ಸೋತರೆ ಕ್ಲಚ್ ಕಡೆಯ ಎಣ್ಣೆಯನ್ನು ಇಂಜಿನ್ ಕುಡಿಯುತ್ತದೆ. ದಟ್ಟ ಹೊಗೆ ಬರುತ್ತದೆ, ಗೇರ್ ಆಯಿಲ್ ಇಳಿಯುತ್ತಾ ಹೋಗುತ್ತದೆ. ಬಲದ್ದು ಸೋತರೆ ಡೈನಮೋ ಕಡೆಯಿಂದ ಗಾಳಿ ಎಳೆಯುತ್ತದೆ. ಆಕ್ಸಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ಇವೆರಡನ್ನೂ ಕಾರ್ಬುರೇಟರ್ ತೊಂದರೆ ಅಂದುಕೊಂಡು ತಿಂಗಳುಗಟ್ಟಲೆ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಿಸುವವರಿದ್ದಾರೆ.

ಬೋರ್ ಮತ್ತು ಪಿಸ್ಟನ್. ಸ್ಟ್ಯಾಂಡರ್ಡ್ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 75. ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ. ಮೆಟ್ಟಿಲಿನಲ್ಲಿ ಬರುತ್ತವೆ. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರ್ ಮಾಡಿಸಿ. ಎಷ್ಟೋ ಜನ 0.50ಕ್ಕೆ ಬೋರ್ ಮಾಡಿಸಿ ಆಮೇಲೆ ಆ ಸೈಜಿನ ಒಳ್ಳೇ ಪಿಸ್ಟನ್ ಸಿಗದೆ ಒದ್ದಾಡುತ್ತಾರೆ. ಬೋರ್ ಆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ತೂತುಗಳ) ಅಂಚನ್ನು ಸ್ವಲ್ಪ ಉಜ್ಜಿ ಚೂಪು ತೆಗೆಯಲೇಬೇಕು. ಬೆರಳಿಟ್ಟು ಸವರಿ ನೋಡಿ. ಚರ್ಮಕ್ಕೆ ತಾಗಿದರೆ ರಿಂಗಿಗೂ ತಾಗುತ್ತದೆ, ರಿಂಗ್ ಮುರಿಯುತ್ತದೆ. ರಿಂಗನ್ನು ಮಾತ್ರ ಸಿಲಿಂಡರಿನೊಳಗೆ ಇಟ್ಟು ಅದರ ಬಾಯಿಯ ಸಂದು ಅಳೆಯಿರಿ. 0.25ರಿಂದ 0.3 ಮಿ.ಮೀ. ಇರಲಿ. ಸಂದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಾಲುವೆಯ ಸಣ್ಣ ಪಿನ್ನಿಗೆ ಸರಿಯಾಗಿ ಕೂತಿದೆಯಾ ನೋಡಿಯೇ ಸಿಲಿಂಡರ್ ಇಳಿಸಿ.

ಕ್ಲಚ್. ಕಾರ್ಕ್ ಪ್ಲೇಟುಗಳನ್ನು ಒಣಗಿದ್ದಂತೆಯೇ ಹಾಕಬೇಡಿ. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ.

ಬಿಪಿ ಪಂಪಿನ ಪರೀಕ್ಷೆ. ಇದೊಂದನ್ನು ಬಿಡಬೇಡಿ. ಇಂಜಿನ್ ಮುಚ್ಚಿದ ಮೇಲೆ ಎರಡೂ ಎಗ್ಸಾಸ್ಟ್ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ತುಂಡು, ಮೇಲೊಂದು ತಗಡು ಇಟ್ಟು ಬಿಗಿಯಿರಿ. ಕಾರ್ಬುರೇಟರ್ ಜಾಗಕ್ಕೂ ಒಂದು ತಗಡು, ಅದಕ್ಕೊಂದು ಸಣ್ಣ ಕೊಳವೆ. ಆ ಕೊಳವೆಗೆ ಬಿಪಿ ಪಂಪಿನ ರಬ್ಬರ್ ಪೈಪ್ ಸಿಕ್ಕಿಸಿ ಮುಳ್ಳು 250ಕ್ಕೆ ಬರುವ ತನಕ ಒತ್ತಿ, ಬಿಡಿ. ಐದು ನಿಮಿಷ ಮುಳ್ಳು ಹೆಚ್ಚೇನೂ ಇಳಿಯದಿದ್ದರೆ ಇಂಜಿನ್ ಗಟ್ಟಿ. ಇಳಿದರೆ ಸೋಪಿನ ನೀರು ಹಚ್ಚುತ್ತಾ ಹೋಗಿ, ಗುಳ್ಳೆ ಎದ್ದಲ್ಲಿ ಲೀಕ್. ಹೊರಗೆಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ಎಡಗಡೆ ಸೀಲು. ನನ್ನ ಎರಡನೇ ಗಾಡಿಯಲ್ಲಿ ಹೀಗೇ ಆಯಿತು. ಟೇಬಲ್ಲಿನ ಮೇಲೆ ಗೊತ್ತಾಗಿದ್ದರಿಂದ ಒಂದು ಗಂಟೆಯಲ್ಲಿ ಮುಗಿಯಿತು.

## ಹಂತ 6: ಬಣ್ಣವಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ

ಎಲ್ಲರೂ ಬಿಡುವ ಹಂತ ಇದು. ತುಕ್ಕು, ಪ್ರೈಮರು ಹೇಗಿದೆಯೋ ಹಾಗೇ ಚಾಸಿಸ್ಸಿಗೆ ಇಂಜಿನ್, ಚಕ್ರ, ಟ್ಯಾಂಕು, ಮಡ್‌ಗಾರ್ಡು, ಸೀಟು, ಸೈಲೆನ್ಸರು ಎಲ್ಲ ಕೂರಿಸಿ. ಮಡ್‌ಗಾರ್ಡಿನ ತೂತು ಹೊಂದುತ್ತಿಲ್ಲವಾ? ಟ್ಯಾಂಕು ಹ್ಯಾಂಡಲ್ಲಿಗೆ ತಾಗುತ್ತದಾ? ಸೈಲೆನ್ಸರ್ ಒಂದು ಮೇಲೆ ಒಂದು ಕೆಳಗೆ ಇದೆಯಾ? ಬಡಿಯುವುದು, ಕೊರೆಯುವುದು, ವೆಲ್ಡಿಂಗ್ ಎಲ್ಲ ಈಗಲೇ ಆಗಲಿ. ಬಣ್ಣ ಆದ ಮೇಲೆ ಒಂದು ತೂತು ದೊಡ್ಡದು ಮಾಡಬೇಕಾಗಿ ಬಂದರೆ ಪೇಂಟ್ ಎದ್ದೇಳುತ್ತದೆ. ಹಿಂದಿನಿಂದ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ಅಂತ ಉದ್ದ ದಾರ ಹಿಡಿದು ನೋಡಿ.

ಟ್ಯಾಂಕಿನ ಒಳಗೆ ತುಕ್ಕಿದ್ದರೆ ಅದೂ ಈಗಲೇ. ಹಿಡಿ ಸಣ್ಣ ನಟ್ಟುಗಳು, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ಬಿಸಿನೀರು ಹಾಕಿ ಕುಲುಕಿ, ಒಂದು ದಿನ ಬಿಟ್ಟು ಚೆಲ್ಲಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಕ್ಷಣ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಸವರಿ. ತೂತಿದ್ದು ಬೆಸುಗೆ ಹಾಕಿಸುವುದಾದರೆ ಎಚ್ಚರ. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿ, ಈ ಕೆಲಸ ಗೊತ್ತಿರುವವರಿಗೇ ಕೊಡಿ.

## ಹಂತ 7: ಮೊದಲು ಕ್ರೋಮ್, ಆಮೇಲೆ ಬಣ್ಣ

ಹಳೇ ಜಾವಾ ಟ್ಯಾಂಕಿನ ಪಕ್ಕದಲ್ಲಿ ಕ್ರೋಮ್ ಇರುತ್ತದೆ. ಅದಕ್ಕೆ ಮೊದಲು ಕ್ರೋಮ್ ಆಗಬೇಕು, ಆಮೇಲೆ ಉಳಿದ ಜಾಗಕ್ಕೆ ಬಣ್ಣ. ಉಲ್ಟಾ ಆದರೆ ಕ್ರೋಮಿನ ಆಸಿಡ್ ತೊಟ್ಟಿಯಲ್ಲಿ ಬಣ್ಣ ಕಿತ್ತುಹೋಗುತ್ತದೆ.

ಕ್ರೋಮ್ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: ಕೆಳಗೆ ನಿಕ್ಕಲ್ ಎಷ್ಟು ಸಲ? ತುಕ್ಕು ತಡೆಯುವುದು ನಿಕ್ಕಲ್, ಮೇಲಿನ ಕ್ರೋಮ್ ತೆಳು ಹೊದಿಕೆ ಅಷ್ಟೇ. ಪಾಲಿಶ್ ಚಕ್ರಕ್ಕೆ ಕೊಡುವಾಗ ಎದ್ದ ಅಕ್ಷರ, ಚೂಪು ಅಂಚು ಇರುವ ಭಾಗಗಳನ್ನು ಬೇರೆ ಮಾಡಿ, "ಇದನ್ನು ಕೈಯಲ್ಲಿ ಉಜ್ಜಿ" ಅಂತ ಹೇಳಿ. ಕಾರ್ಖಾನೆಯಲ್ಲಿ ಕ್ರೋಮ್ ಇಲ್ಲದ ಭಾಗಕ್ಕೆ ಈಗ ಕ್ರೋಮ್ ಬೇಡ. ನಟ್ಟು, ಬೋಲ್ಟು, ಬ್ರಾಕೆಟ್ಟು ಮಂಕಾಗಿಯೇ ಚೆನ್ನ, ಸತುವಿನ ಲೇಪನ ಸಾಕು.

ಬಣ್ಣ ಹೊಂದಿಸಲು ಮೊಬೈಲಿನ ಫೋಟೋ ನಂಬಬೇಡಿ. ಬಿಸಿಲು ಬೀಳದ ಜಾಗ ಹುಡುಕಿ: ಟ್ಯಾಂಕಿನ ತಳ, ಸೀಟಿನ ಕೆಳಗೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ. ನಾನೊಮ್ಮೆ ಮೂರು ಪದರ ಬೇರೆ ಬಣ್ಣ ಬಳಿದಿದ್ದ ಟ್ಯಾಂಕಿನ ತಳವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಾ ಕೂತಿದ್ದೆ. ಮೊದಲು ಕರಿ ಜಿಡ್ಡು, ಆಮೇಲೆ ಬೂದು, ಆಮೇಲೆ ರೂಪಾಯಿ ಅಗಲದಷ್ಟು ಗಾಢ ಮರೂನ್ ಹೊಳೆಯಿತು. ಐವತ್ತು ವರ್ಷದ ಹಿಂದೆ ಬಳಿದ ಬಣ್ಣ. ಅಷ್ಟು ಜಾಗ ಸಾಕು, ಪೇಂಟ್ ಅಂಗಡಿಯವರು ಅದಕ್ಕೆ ಹೊಂದಿಸಿ ಕಲಸಿಕೊಡುತ್ತಾರೆ. ಆ ತುಂಡನ್ನು ಉಜ್ಜಿ ತೆಗೆಯದೆ ಹಾಗೇ ಉಳಿಸಿ, ಗಾಡಿಗೆ ಅದೇ ಸಾಕ್ಷಿ.

ಚಾಸಿಸ್ ನಂಬರಿನ ಮೇಲೆ ಬ್ಲಾಸ್ಟಿಂಗ್ ಆಗಬಾರದು, ಪುಟ್ಟಿ ಕೂರಬಾರದು. ಅಲ್ಲಿ ಟೇಪ್ ಅಂಟಿಸಿ ಕೊಡಿ, ಬಣ್ಣದವರಿಗೆ ಬಾಯಲ್ಲೂ ಹೇಳಿ.

## ಹಂತ 8: ಕರೆಂಟಿನ ಕೆಲಸ

ಹಳೇ ಡೈನಮೋ ಗಾಡಿಗಳು 6 ವೋಲ್ಟಿನವು. "ಲೈಟು ಮಿಣುಕು, 12ಕ್ಕೆ ಬದಲಿಸು" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಮೊದಲು ಅರ್ತಿಂಗ್ ಸರಿ ಮಾಡಿ ನೋಡಿ. 35 ವಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ ಸುಮಾರು 6 ಎಳೆಯುತ್ತದೆ. ಹಾಗಾಗಿ ವೈರು ದಪ್ಪ ಇರಬೇಕು. ಹೊಸ ಬಣ್ಣದ ಮೇಲೆ ಅರ್ತ್ ವೈರ್ ಬಿಗಿದರೆ ಕರೆಂಟು ಹರಿಯುವುದಿಲ್ಲ. ಪೌಡರ್ ಕೋಟಿಂಗ್ ಆಗಿದ್ದರಂತೂ ಇಲ್ಲವೇ ಇಲ್ಲ. ಅರ್ತ್ ಜಾಗದಲ್ಲಿ ಲೋಹ ಕಾಣುವ ತನಕ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿ.

ಡೈನಮೋ ಬ್ರಷ್ ಸವೆದಿದ್ದರೆ ಬದಲಿಸಿ, ಕಾಮ್ಯುಟೇಟರನ್ನು ನಯ ಎಮರಿ ಪೇಪರಿನಲ್ಲಿ ಒರೆಸಿ. ಪಾಯಿಂಟ್ ಗ್ಯಾಪ್, ಅಂದರೆ ತೆರೆದು ಕಿಡಿ ಹಾರಿಸುವ ಪಾಯಿಂಟಿನ ಸಂದು, 0.4 ಮಿ.ಮೀ. ಅದನ್ನು ಇಟ್ಟ ಮೇಲೆಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಉಲ್ಟಾ ಮಾಡಬೇಡಿ. ಪಿಸ್ಟನ್ ಮೇಲ್ತುದಿಗೆ ಎಷ್ಟು ಮಿಲಿಮೀಟರ್ ಮುಂಚೆ ಪಾಯಿಂಟ್ ತೆರೆಯಬೇಕು ಅನ್ನುವುದು ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿದೆ. ಅಳತೆಗೆ ಆಳದ ಗೇಜ್, ತೆರೆದದ್ದು ತಿಳಿಯಲು ಮಲ್ಟಿಮೀಟರ್. ಪ್ಲಗ್ ತೂತು ಓರೆಯಾಗಿದ್ದರೆ ಹೆಡ್ ತೆಗೆದೇ ಅಳೆಯಿರಿ.

## ಹಂತ 9: ಕೊನೆಯ ಜೋಡಣೆ

ಆರನೇ ಹಂತ ಸರಿಯಾಗಿ ಮಾಡಿದ್ದರೆ ಇದು ಎರಡು ದಿನದ ಕೆಲಸ. ಚಾಸಿಸ್ಸಿಗೆ ಹಳೇ ಕಂಬಳಿ ಸುತ್ತಿ ಇಂಜಿನ್ ಇಳಿಸಿ, ಇಬ್ಬರು ಬೇಕು. ಫೋರ್ಕಿನ ಎರಡೂ ಕಾಲಿಗೆ ಒಂದೇ ಅಳತೆಯ ಎಣ್ಣೆ. ಹಳೇ ಬ್ರೇಕ್ ಲೈನರಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಕ್ಕು, ಗೇರು ಒಂದೇ ಲಿವರ್ ಅಲ್ವಾ, ಅದು ಒಳಗೆ ಒತ್ತಿ ಮೇಲೆತ್ತಿದಾಗ ಸಲೀಸಾಗಿ ತಿರುಗಿ, ಬಿಟ್ಟಾಗ ತಾನಾಗಿ ಗೇರಿನ ಜಾಗಕ್ಕೆ ಬರಬೇಕು. ಬರದಿದ್ದರೆ ಸ್ಪ್ರಿಂಗ್ ಸೋತಿದೆ. ಹಾಗೇ ಓಡಿಸಬೇಡಿ.

## ಹಂತ 10: ಪೆಟ್ರೋಲ್, ಮೊದಲ ಕಿಕ್, ಮೊದಲ 500 ಕಿಲೋಮೀಟರ್

ರನ್ನಿಂಗ್-ಇನ್‌ನಲ್ಲಿ, ಅಂದರೆ ಹೊಸದಾಗಿ ಕಟ್ಟಿದ ಇಂಜಿನ್ ಪಳಗುವ ಮೊದಲ 500 ಕಿಲೋಮೀಟರಿನಲ್ಲಿ, ಆಯಿಲ್–ಪೆಟ್ರೋಲ್ ಪ್ರಮಾಣ 1:20, ಅಂದರೆ 5 ಲೀಟರ್ ಪೆಟ್ರೋಲಿಗೆ 250 ಎಂ.ಎಲ್. ಟೂಟಿ ಆಯಿಲ್. ಆಮೇಲೆ 1:25, ಅಂದರೆ 200 ಎಂ.ಎಲ್. ಬೇರೆ ಡಬ್ಬದಲ್ಲಿ ಕಲಸಿಯೇ ಟ್ಯಾಂಕಿಗೆ ಹಾಕಿ. ಆಯಿಲ್ ಪಂಪ್ ಇರುವ ಆಯಿಲ್‌ಕಿಂಗ್ ಗಾಡಿಯಾದರೂ ಪಂಪ್ ಕೆಲಸ ಮಾಡುತ್ತಿದೆ ಅಂತ ಖಾತ್ರಿ ಆಗುವ ತನಕ ಕಲಸಿಯೇ ಹಾಕಿ.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಪೈಪನ್ನು ಅದು ಮೆತ್ತಗೆ ಮಾಡುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಎಥನಾಲ್ ಇರುವುದರಿಂದ ಗಾಳಿ–ಪೆಟ್ರೋಲ್ ಮಿಶ್ರಣವೂ ಸ್ವಲ್ಪ ತೆಳುವಾಗುತ್ತದೆ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಪ್ಲಗ್ ಬಿಚ್ಚಿ ನೋಡಿ ತೀರ್ಮಾನಿಸಿ: ಕಾಫಿಪುಡಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪಗೆ ಒದ್ದೆಯಿದ್ದರೆ ಜಾಸ್ತಿ. ಬೆಳ್ಳಗಿರುವ ಪ್ಲಗ್ ಇಟ್ಟುಕೊಂಡು ಹೈವೇಗೆ ಹೋಗಬೇಡಿ.

ಜಿಕೋವ್ ಕಾರ್ಬುರೇಟರಿನ ಮೇಲಿನ ಸಣ್ಣ ಗುಂಡಿ ಒತ್ತಿ ಪೆಟ್ರೋಲ್ ಜಿನುಗುವ ತನಕ ಹಿಡಿಯಿರಿ. ಕೀಲಿ ಒತ್ತಿ, ಕಿಕ್. ಸ್ಟಾರ್ಟ್ ಆದ ತಕ್ಷಣ ರೇಸ್ ಮಾಡಬೇಡಿ. ಎರಡು ನಿಮಿಷ ಓಡಲಿ, ಆರಲಿ, ಮತ್ತೆ ಓಡಲಿ. ಹೀಗೆ ಮೂರ್ನಾಲ್ಕು ಸಲ.

ಮೊದಲ 500 ಕಿಲೋಮೀಟರ್ 40–50ರ ವೇಗ ದಾಟಬೇಡಿ. ಒಂದೇ ವೇಗದಲ್ಲೂ ಹೋಗುತ್ತಲೇ ಇರಬೇಡಿ. ಇಳಿಜಾರಿನಲ್ಲಿ ಆಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಬೇಡಿ, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಆಗ ನಿಂತುಹೋಗುತ್ತದೆ. ಓಡುತ್ತಿದ್ದಾಗ ಎಳೆತ ಸುಮ್ನೆ ಕಡಿಮೆಯಾದಂತೆ ಅನಿಸಿದರೆ, ಕೀರಲು ಸದ್ದು ಬಂದರೆ, ಆ ಕ್ಷಣವೇ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಅದು ಸೀಜ್ ಆಗುವ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ, ಮುನ್ಸೂಚನೆ. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ.

100 ಕಿಲೋಮೀಟರ್ ಆದ ಮೇಲೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಹೆಡ್ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಯಿರಿ. ಸೈಲೆನ್ಸರ್ ರಿಂಗ್ ನಟ್ಟೂ ಸಡಿಲಾಗಿರುತ್ತದೆ, ಅದನ್ನು ಬಿಟ್ಟರೆ ಥ್ರೆಡ್ ತಿಂದುಹಾಕುತ್ತದೆ. 500 ಆದಾಗ ಗೇರ್ ಆಯಿಲ್ ಬಿಳಿ ತಟ್ಟೆಗೆ ಇಳಿಸಿ ಬೆರಳಾಡಿಸಿ ನೋಡಿ. ಮಸುಕಾದ ಬೂದು ಬಣ್ಣ, ಕಾರ್ಕಿನ ನಯ ಪುಡಿ ಇದ್ದರೆ ಸಹಜ. ಉಗುರಿಗೆ ಸಿಗುವ ಲೋಹದ ಚೂರಿದ್ದರೆ ಎಡಗಡೆ ಕವರ್ ಮತ್ತೆ ತೆಗೆಯಿರಿ. ಇಳಿಸಿದ ಎಣ್ಣೆಯನ್ನು ಅಳೆದು, ಹಾಕಿದ್ದಕ್ಕಿಂತ ಎಷ್ಟು ಕಡಿಮೆ ಇದೆ ಅಂತ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.